ಓಟದ ಆ ತುದಿ

ಶಾಲೆಯ ವಾರ್ಷಿಕ ವರದಿಯಲ್ಲಿ ಕ್ರೀಡೆಯ ಪುಟವನ್ನು ನೀವೇ ಬರೆದುಕೊಡಬೇಕು ಎಂದು ಹೆಡ್ ಮೇಡಂ ಹೇಳಿದಾಗ ಅವನಿಗೆ ಅವಮಾನವಾಗಬೇಕಾಗಿತ್ತು. ಆಗಲಿಲ್ಲ, ಅಥವಾ ಅದು ತನ್ನ ಸರದಿ ಇನ್ನೂ ಬಂದಿಲ್ಲವೆಂಬಂತೆ ಬಾಗಿಲ ಹೊರಗೆಲ್ಲೋ ಕಾದು ಕೂತಿತ್ತು. ಅವರ ಮೇಜಿನ ಮೇಲೆ ಈ ವರ್ಷ ಗೆದ್ದು ತಂದ ಮೂರು ಕಪ್ಪುಗಳಿದ್ದವು. ನಡುವಿನದರ ಉಬ್ಬಿದ ಹೊಟ್ಟೆಯಲ್ಲಿ ಅವನ ಮುಖ ಉದ್ದಕ್ಕೆ ಎಳೆದುಕೊಂಡು, ಕಿವಿಗಳು ಮಾತ್ರ ದೊಡ್ಡದಾಗಿ ಕಾಣುತ್ತಿದ್ದವು. ಎಷ್ಟು ಸರಿದು ನಿಂತರೆ ತನ್ನ ಮುಖ ಇದರಲ್ಲಿ ಮುಖದಂತೆ ಕಂಡೀತು ಎಂದು ಅವನು ಗೊತ್ತಾಗದ ಹಾಗೆ ಎಡಕ್ಕೆ ಬಲಕ್ಕೆ ವಾಲುತ್ತಿದ್ದ. ಫುಟ್‌ಬಾಲಿನಲ್ಲಿ ಹನ್ನೊಂದು ಪಂದ್ಯ, ಒಂಬತ್ತು ಗೆಲುವು, ಎರಡು ಸಮ. ಓಟ, ಜಿಗಿತ, ಎಸೆತಗಳಲ್ಲಿ ಹದಿನೇಳು ಪದಕ, ರಿಲೇಯಲ್ಲಿ ಮೊದಲ ಸ್ಥಾನ, ಎಲ್ಲ ಸೇರಿ ಸಮಗ್ರ ಚಾಂಪಿಯನ್‌ಷಿಪ್. ಪಟ್ಟಿ ಆಫೀಸಿನಲ್ಲಿದೆ, ನೋಡಿ ಇಳಿಸಿಕೊಂಡರಾಯಿತು, ಆದರೆ ಕೊನೆಗೊಂದು ಪ್ಯಾರಾ ಬೇಕು, ಇದೆಲ್ಲ ಹೇಗಾಯಿತು ಅನ್ನುವುದು ಅದರಲ್ಲಿ ಬರಬೇಕು ಎಂದರು ಹೆಡ್ ಮೇಡಂ. "ಇಷ್ಟು ವರ್ಷ ಆಗದೇ ಇದ್ದದ್ದು ಈ ವರ್ಷ ಹೇಗಾಯ್ತು ಅಂತ ಪೋಷಕರು ಕೇಳ್ತಾರೆ ಸರ್. ನಿಮಗಿಂತ ಚೆನ್ನಾಗಿ ಯಾರಿಗೆ ಗೊತ್ತಿರುತ್ತೆ?" ಮಾತು ಬಾಯಿಂದ ಬಿದ್ದ ಮೇಲೆ ಅದರ ತೂಕ ಅವರಿಗೇ ತಿಳಿದಿರಬೇಕು, ಸರಿಯಾಗಿಯೇ ಇದ್ದ ಒಂದು ಕಪ್ಪನ್ನು ಇನ್ನಷ್ಟು ಸರಿಯಾಗಿ ಇಡತೊಡಗಿದರು. ನಾಳೆ ಬೆಳಿಗ್ಗೆ ಅಚ್ಚಿಗೆ ಹೋಗಬೇಕು, ಮೂರು ಗಂಟೆಯೊಳಗೆ ಕೊಡಿ ಎಂದರು. ಅವನು ಆಗಲಿ ಎಂದ.

ಇಷ್ಟು ವರ್ಷ ಎಂದರೆ ಇಪ್ಪತ್ತೆರಡು ವರ್ಷ. ಅಷ್ಟೂ ವರ್ಷ ಅವನೇ ಈ ಶಾಲೆಯ ಡ್ರಿಲ್ ಮೇಷ್ಟ್ರು. ಅಷ್ಟರಲ್ಲಿ ಶಾಲೆಗೆ ಬಂದದ್ದು ಒಂದೇ ಒಂದು ಮೂರನೇ ಸ್ಥಾನ, ಅದೂ ಇನ್ನೊಂದು ಶಾಲೆಯ ಬಸ್ಸು ದಾರಿಯಲ್ಲಿ ಕೆಟ್ಟು ನಿಂತಿದ್ದರಿಂದ. ಹೋದ ವರ್ಷದ ಕ್ರೀಡಾಕೂಟದಿಂದ ಬರಿಗೈಯಲ್ಲಿ ಬಂದ ಮೇಲೆ ಒಂದು ದಿನ ಸ್ಟಾಫ್ ರೂಮಿನಲ್ಲಿ, ಯಾಕೋ ಮೊಣಕಾಲು ಹಿಡಿದುಕೊಂಡಿದೆ ಎಂದಿದ್ದ. ಅಷ್ಟು ಸಾಕಾಯಿತು. ಆಡಳಿತ ಮಂಡಳಿಯವರು ಬಹಳ ಮರುಕದಿಂದ ಅವನನ್ನು ಲೈಬ್ರರಿಗೆ ಹಾಕಿದರು. ಕೂತು ಮಾಡುವ ಕೆಲಸ, ಮೊಣಕಾಲಿಗೆ ಒಳ್ಳೆಯದು. ಅಂದಿನಿಂದ ನೋವಿಲ್ಲದ ದಿನಗಳಲ್ಲೂ ಅವನು ಸ್ವಲ್ಪ ಕುಂಟುತ್ತ ನಡೆಯಬೇಕಾಯಿತು. ಕುಂಟದಿದ್ದರೆ ಕಾರಣ ಸುಳ್ಳಾಗುತ್ತದೆ, ಕಾರಣ ಸುಳ್ಳಾದರೆ ಎಲ್ಲರೂ ಮುಚ್ಚಿಟ್ಟ ಇನ್ನೊಂದು ಕಾರಣ ಬಾಯಿ ತೆರೆಯುತ್ತದೆ. ಮೊದಮೊದಲು ಯಾವ ಕಾಲು ಎಂಬುದೇ ಮರೆತುಹೋಗುತ್ತಿತ್ತು. ಅವನು ಲೈಬ್ರರಿಗೆ ಹೋದ ವರ್ಷವೇ ಶಾಲೆ ಗೆಲ್ಲಲು ಶುರುಮಾಡಿತು. ಮೊದಲ ಫುಟ್‌ಬಾಲ್ ಪಂದ್ಯ ಗೆದ್ದ ದಿನ ಎಲ್ಲರೂ ಅವನಿಗೆ ಕೈ ಕುಲುಕಿ, ನೀವು ಹಾಕಿದ ಅಡಿಪಾಯ ಎಂದರು. ಐದನೆಯದನ್ನು ಗೆದ್ದಾಗ ಯಾರೂ ಹಾಗೆ ಹೇಳಲಿಲ್ಲ. ಒಂಬತ್ತನೆಯದಾದ ಮೇಲೆ ಅವನು ಬಂದರೆ ಸ್ಟಾಫ್ ರೂಮಿನಲ್ಲಿ ಮಾತು ಹವೆಯ ಕಡೆಗೆ ತಿರುಗುತ್ತಿತ್ತು. ಹೊಟ್ಟೆಕಿಚ್ಚೇ ಎಂದು ಅವನು ತನ್ನನ್ನೇ ಎಷ್ಟೋ ಸಲ ಕೇಳಿಕೊಂಡಿದ್ದ, ಹಲ್ಲುನೋವಿದ್ದವನು ನಾಲಿಗೆಯಿಂದ ಒಂದೊಂದೇ ಹಲ್ಲನ್ನು ಒತ್ತಿ ನೋಡುವ ಹಾಗೆ. ಇತ್ತು. ಆದರೆ ಅದರ ಕೆಳಗೆ ಇನ್ನೊಂದಿತ್ತು, ಅದು ಹೊಟ್ಟೆಕಿಚ್ಚಿಗಿಂತ ಹೆಚ್ಚು ಕಾಡುವಂಥದು. ಅವನಿಗೆ ನಿಜವಾಗಿಯೂ ತಿಳಿಯಬೇಕಾಗಿತ್ತು. ಅವೇ ಮಕ್ಕಳು, ಅದೇ ಮೈದಾನ, ಕೆರೆಯ ಕಡೆಗೆ ವಾಲಿಕೊಂಡ ಅದೇ ನೆಲ. ಅದು ವಾಲಿಕೊಂಡಿದೆ ಎಂದು ಅವನು ದೂರುತ್ತಿದ್ದಾಗ, ಕುಣಿಯಲಾರದವಳು ನೆಲ ಡೊಂಕು ಅಂದಳಂತೆ ಎಂದು ಗಣಿತದ ಮೇಷ್ಟ್ರು ನಗುತ್ತಿದ್ದರು. ಹಾಗಾದರೆ ಬದಲಾದದ್ದು ಯಾವುದು? ಇಷ್ಟು ದಿನ ಇದನ್ನು ಯಾರ ಹತ್ತಿರವೂ ಕೇಳುವ ಹಾಗಿರಲಿಲ್ಲ. ಕೇಳಿದರೆ ಹೊಟ್ಟೆಕಿಚ್ಚಿನಂತೆ ಕೇಳಿಸುತ್ತಿತ್ತು. ಈಗ ಹೆಡ್ ಮೇಡಂ ಅಪ್ಪಣೆಯನ್ನೇ ಕೊಟ್ಟಿದ್ದರು.

ಆಟದ ಸಾಮಾನಿನ ಕೋಣೆ ಮೆಟ್ಟಿಲ ಕೆಳಗಿತ್ತು. ಅರ್ಧ ದಾರಿಯವರೆಗೆ ಸರಸರ ನಡೆದು, ಆಮೇಲೆ ನೆನಪಾಗಿ ಕುಂಟಿದ. ಅವನ ಜಾಗಕ್ಕೆ ಬಂದ ಹೊಸ ಟೀಚರ್ ಒಳಗೆ ಕಾಲುಗಳ ನಡುವೆ ಚೆಂಡು ಇಟ್ಟುಕೊಂಡು ಪಂಪು ಹೊಡೆಯುತ್ತಿದ್ದಳು. ಅವನನ್ನು ಕಂಡೊಡನೆ ಎದ್ದು ನಿಂತಳು, ಚೆಂಡು ಉರುಳಿ ಅವನ ಕಾಲಿಗೆ ಬಂತು. ಆ ಕೋಣೆಯ ವಾಸನೆ, ಒದ್ದೆ ಚರ್ಮ, ಸುಣ್ಣದ ಪುಡಿ, ಒಣಗದ ಕಾಲುಚೀಲ, ಅವನನ್ನು ಹಳೆಯ ನಾಯಿಯಂತೆ ಮೂಸಿ ಗುರುತು ಹಿಡಿಯಿತು. ಬಂದ ಕೆಲಸ ಹೇಳಿದ. ಆಕೆ ಪಂಪಿನ ಹಿಡಿಯನ್ನು ಒರೆಸುತ್ತ, ತನಗೂ ಅದೇ ಗೊತ್ತಿಲ್ಲ, ಯಾರಾದರೂ ಇದನ್ನು ಕೇಳಿಯಾರು ಎಂದು ವರ್ಷವೆಲ್ಲ ಹೆದರಿದ್ದೇನೆ ಎಂದಳು. ಇದು ವಿನಯದ ಮಾತು ಎಂದು ಅವನು ಅಂದುಕೊಂಡ. ಅಭ್ಯಾಸದಲ್ಲಿ ಏನು ಬದಲಾಯಿಸಿದಿರಿ, ವೇಳೆ, ಕಸರತ್ತು, ಊಟ, ಏನಾದರೂ ಸರಿ ಎಂದು ಕೇಳಿದ. ಆಕೆ ಬಾಗಿಲನ್ನು ಅರ್ಧ ಮುಚ್ಚಿದಳು. ಬಾಗಿಲ ಒಳಮೈಯಲ್ಲಿ, ನಾಲ್ಕು ಮೂಲೆಗೂ ಮೊಳೆ ಬಡಿದ ಒಂದು ಕಾಗದ. ವಾರದ ಆರು ದಿನಗಳ ಅಭ್ಯಾಸದ ವೇಳಾಪಟ್ಟಿ, ಅವನ ದುಂಡು ಅಕ್ಷರ.

"ಇದನ್ನೇ ಮಾಡಿಸ್ತಿದೀನಿ ಸರ್," ಎಂದಳು. "ಒಂದಕ್ಷರ ಬದಲಾಯಿಸಿಲ್ಲ. ನನಗೆ ಬೇರೆ ಬರಲ್ಲ. ಕಾಗೆ ಕೂರೋಕೂ ಟೊಂಗೆ ಮುರಿಯೋಕೂ ಸರಿಹೋಯ್ತು ಅಷ್ಟೇ."

ಮೆಟ್ಟಿಲು ಹತ್ತುವಾಗ ಅವನಿಗೆ ಮೊದಲು ಹಿಗ್ಗೇ ಆಯಿತು. ಆರನೇ ಮೆಟ್ಟಿಲಿನವರೆಗೆ ಆ ಹಿಗ್ಗು ಇತ್ತು. ತನ್ನ ಪಟ್ಟಿ, ತನ್ನ ಕಸರತ್ತು, ಮಂಗಳವಾರ ಮೆಟ್ಟಿಲೋಟ, ಗುರುವಾರ ಬರೀ ಪಾಸು. ಹದಿನೇಳು ಪದಕ ಅದರಲ್ಲೇ ಇತ್ತು. ಏಳನೇ ಮೆಟ್ಟಿಲಿನಲ್ಲಿ ಅದರ ಇನ್ನೊಂದು ಮಗ್ಗುಲು ಕಂಡು ಕಂಬಿ ಹಿಡಿದು ನಿಂತ. ಪಟ್ಟಿ ಸರಿಯಾಗಿತ್ತು, ಮಕ್ಕಳು ಸರಿಯಾಗಿದ್ದರು, ಡೊಂಕಾದ ನೆಲ ಕೂಡ ಸಾಕಷ್ಟು ಸರಿಯಾಗಿತ್ತು. ಲೆಕ್ಕದಲ್ಲಿ ಒಂದೊಂದನ್ನೇ ಹೊಡೆದುಹಾಕುತ್ತ ಬಂದರೆ ಕೊನೆಗೆ ಉಳಿಯುವುದು ತಾನೊಬ್ಬನೇ. ತನ್ನನ್ನು ತೆಗೆದದ್ದರಿಂದ ಗೆದ್ದರು. ಇಷ್ಟು ನೇರವಾದ ಮಾತನ್ನು ಅವನ ಬಗ್ಗೆ ಯಾರೂ ಯಾವತ್ತೂ ಆಡಿರಲಿಲ್ಲ. ತಾನೇ ಆಡಿಕೊಂಡಾಗ ಅದು ನೋವಾಗುವುದಕ್ಕಿಂತ ವಿಚಿತ್ರವಾಗಿ ಕಂಡಿತು, ತನ್ನದೇ ಎಕ್ಸ್‌ರೇಯನ್ನು ಬೆಳಕಿಗೆ ಹಿಡಿದು ನೋಡಿದ ಹಾಗೆ. ಸರಿ, ತೆಗೆದರು. ಆದರೆ ತನ್ನೊಳಗಿನ ಯಾವುದನ್ನು? ತಾನು ಮಕ್ಕಳಿಗೆ ಹೊಡೆದವನಲ್ಲ, ಬೈದವನಲ್ಲ. ಬೇರೆ ಶಾಲೆಯ ಮೇಷ್ಟ್ರುಗಳು ಸೋತ ಮಕ್ಕಳನ್ನು ಎಲ್ಲರೆದುರು ಹೆಸರು ಹಿಡಿದು ಕರೆದು ನಿಲ್ಲಿಸುವುದನ್ನು ಕಂಡು ಹೇಸಿಕೊಂಡವನು. ಇಪ್ಪತ್ತೆರಡು ವರ್ಷ ಕಪ್ಪು ಬರದಿದ್ದರೂ ರಾತ್ರಿ ನಿದ್ದೆ ಬಂದದ್ದು ಆ ಒಂದು ಸಂಗತಿಯಿಂದ: ತನ್ನ ಕೈಕೆಳಗೆ ಸೋತ ಒಂದು ಮಗುವೂ ಅತ್ತಿಲ್ಲ.

ಮೂರನೇ ಪೀರಿಯಡ್ಡಿನಲ್ಲಿ ಗೋಲ್‌ಕೀಪರ್ ಹುಡುಗ ಪುಸ್ತಕ ಹಿಂದಿರುಗಿಸಲು ಬಂದ. ಎಲ್ಲರೂ ಅವನನ್ನು ಗೋಡೆ ಎಂದು ಕರೆಯುತ್ತಿದ್ದರು. ಮೊದಲು ಅವನ ಮೈಕಟ್ಟಿಗೆ ಬಿದ್ದ ಹೆಸರು, ಈ ವರ್ಷ ಹೊಗಳಿಕೆಯಾಗಿಬಿಟ್ಟಿತ್ತು. ಪುಸ್ತಕ ಹನ್ನೆರಡು ದಿನ ತಡವಾಗಿತ್ತು. ಇವನು ದಂಡ ಕೇಳುವ ಬದಲು, ಈ ವರ್ಷ ಗೆದ್ದದ್ದು ಹೇಗೋ ಎಂದು ಕೇಳಿದ. ಗೋಡೆ, ತನಗೆ ಹೇಗೆ ಗೊತ್ತಿರಬೇಕು, ತಾನು ಯಾವ ಪಂದ್ಯವನ್ನೂ ಹತ್ತಿರದಿಂದ ನೋಡಿಯೇ ಇಲ್ಲ ಎಂದ. ಚೆಂಡು ಈ ಕಡೆ ಬರುವುದೇ ಇಲ್ಲ. ಎಲ್ಲ ಆ ಕಡೆಯೇ ನಡೆಯುತ್ತದೆ, ಕೂಗು ಕೇಳಿದಾಗ ಗೋಲಾಯಿತು ಎಂದು ತಿಳಿಯುವುದು. ಫೈನಲ್ಲಿನಲ್ಲಿ ತಾನು ಚೆಂಡು ಮುಟ್ಟಿದ್ದು ನಾಲ್ಕು ಸಲ, ಅದರಲ್ಲಿ ಎರಡು ಸಲ ಅದು ಸುಮ್ಮನೆ ಉರುಳಿಕೊಂಡು ಬಂದದ್ದು. ಕೀಪರ್ ಆದವನಿಗೆ ಇದಕ್ಕಿಂತ ಒಂಟಿತನ ಬೇರೆ ಇಲ್ಲ ಎಂದು ದೊಡ್ಡವರ ಹಾಗೆ ನಿಟ್ಟುಸಿರು ಬಿಟ್ಟ. "ನೀವಿದ್ದಾಗ ನನ್ನ ಗೋಲಿನ ಹಿಂದೆ ನಿಂತ್ಕೊಂಡು ಮಾತಾಡಿಸ್ತಿದ್ರಿ ಸರ್. ಹೊತ್ತು ಹೋಗ್ತಿತ್ತು. ಮೇಡಂ ಯಾವಾಗ್ಲೂ ಎದುರಿನವರ ಗೋಲಿನ ಹಿಂದೇನೇ ನಿಲ್ತಾರೆ. ಹಾಫ್ ಟೈಮ್ ಆದ್ಮೇಲೆ ನಾವು ಈ ಕಡೆ ಬಂದ್ರೆ ಅವರು ಆ ಕಡೆ ಹೋಗಿಬಿಡ್ತಾರೆ." ಅವನಿಗೆ ಆ ಹುಡುಗನ ಮೇಲೆ ಥಟ್ಟನೆ ಪ್ರೀತಿ ಉಕ್ಕಿತು, ಇಡೀ ಶಾಲೆಯಲ್ಲಿ ತಾನಿಲ್ಲದ್ದು ಒಬ್ಬನಿಗಾದರೂ ತಿಳಿದಿದೆ. ಆ ಪ್ರೀತಿಯ ಗಲಾಟೆಯಲ್ಲಿ ಹುಡುಗ ಹೇಳಿದ್ದರಲ್ಲಿ ಕೇಳಬೇಕಾದದ್ದನ್ನು ಕೇಳಲಿಲ್ಲ. ಗೋಡೆ ಹೋದ ಮೇಲೆ ಪುಸ್ತಕಕ್ಕೆ ಮುದ್ರೆ ಒತ್ತುತ್ತ, ಹೌದು, ತಾನು ಅಲ್ಲಿ ನಿಲ್ಲುತ್ತಿದ್ದೆ, ಪೆಟ್ಟು ಬೀಳುವುದು ಅಲ್ಲಲ್ಲವೇ, ಪೆಟ್ಟು ಬೀಳುವವನ ಬೆನ್ನಿಗೆ ಒಬ್ಬರು ಬೇಡವೇ ಎಂದುಕೊಂಡ.

ಊಟದ ಬಿಡುವಿನಲ್ಲಿ, ಎಲ್ಲರೂ ಗುಬ್ಬಿ ಎಂದು ಕರೆಯುವ ಹುಡುಗಿ ನಲ್ಲಿಯ ಹತ್ತಿರ ಸಿಕ್ಕಳು. ಹತ್ತನೇ ತರಗತಿ, ನೂರು ಮೀಟರ್, ಇನ್ನೂರು ಮೀಟರ್ ಎರಡರಲ್ಲೂ ಮೊದಲು, ರಿಲೇಯಲ್ಲಿ ಕೊನೆಯ ಓಟ ಅವಳದು. ಎಂಟನೇ ತರಗತಿಯಿಂದ ಅವನ ಕೈಯಲ್ಲೇ ಓಡಿದವಳು, ಆಗೆಲ್ಲ ಐದನೆಯವಳೋ ಆರನೆಯವಳೋ ಆಗಿ ಬರುತ್ತಿದ್ದವಳು. ಡಬ್ಬಿ ತೊಳೆಯುತ್ತಿದ್ದವಳು ಅವನ ಪ್ರಶ್ನೆ ಕೇಳಿ ನಲ್ಲಿ ನಿಲ್ಲಿಸಿದಳು. ಆಗಲೂ ಇಷ್ಟೇ ಓಡುತ್ತಿದ್ದೆ, ಕಾಲೇನೂ ಬೇರೆ ಬಂದಿಲ್ಲ ಎಂದಳು. ಹಾಗಾದರೆ ಏನು ಎಂದು ಕೇಳಿದ. ಅವಳು ಡಬ್ಬಿಯ ಮುಚ್ಚಳವನ್ನು ಹಾಕಿ, ತೆಗೆದು, ಮತ್ತೆ ಹಾಕಿದಳು.

"ಬೇಜಾರು ಮಾಡ್ಕೋಬಾರ್ದು ಸರ್."

"ಇಲ್ಲಮ್ಮ. ನನಗೆ ಗೊತ್ತಾಗ್ಬೇಕು, ಅಷ್ಟೇ."

"ನೀವು ಮೊದ್ಲೇ ಸಮಾಧಾನ ಹೇಳಿಬಿಡ್ತಿದ್ರಿ."

ಅವನಿಗೆ ಅರ್ಥವಾಗಲಿಲ್ಲ. ಅವಳು ಒಮ್ಮೆ ಶುರುಮಾಡಿದ ಮೇಲೆ ನಿಲ್ಲಿಸಲಾರದವಳಂತೆ, ಆದರೆ ಅವನ ಮುಖ ನೋಡದೆ, ನಲ್ಲಿಯನ್ನೇ ನೋಡುತ್ತ ಹೇಳಿದಳು. ಓಟ ಶುರುವಾಗುವ ಗೆರೆಯ ಹತ್ತಿರ ಅವನು ಬರುತ್ತಿದ್ದ. ಒಬ್ಬೊಬ್ಬರ ತಲೆಯ ಮೇಲೂ ಕೈಯಿಟ್ಟು, ಸೋತ್ರೂ ಪರವಾಗಿಲ್ಲಮ್ಮ ಎನ್ನುತ್ತಿದ್ದ. ಮೊದಲ ವರ್ಷ ಅವಳಿಗೆ ಅದು ಹಿತವಾಗಿಯೇ ಇತ್ತು. ಎರಡನೆಯ ವರ್ಷ, ಕೂಟದ ದಿನ, ಅವಳಿಗೆ ಯಾಕೋ ಈ ಸಲ ಗೆಲ್ಲುತ್ತೇನೆ ಎಂದು ಬಲವಾಗಿ ಅನ್ನಿಸಿತ್ತು, ಯಾರಿಗೂ ಹೇಳಿರಲಿಲ್ಲ. ಬಗ್ಗಿ ಕೈಯೂರಿದ್ದಳು. ಅವನು ಬಂದು ತಲೆ ಮುಟ್ಟಿ ಅದನ್ನೇ ಹೇಳಿದ. ಪಕ್ಕದ ಸಾಲಿನಲ್ಲಿ ಓಡಲು ನಿಂತಿದ್ದ ಬೇರೆ ಶಾಲೆಯ ಹುಡುಗಿಗೆ ಯಾರೂ ಏನೂ ಹೇಳಲಿಲ್ಲ, ಅವಳು ಇವಳ ಕಡೆ ತಿರುಗಿ ನೋಡಿದಳು, ಪಾಪ ಅನ್ನುವ ಹಾಗೆ. ಸರ್‌ಗೆ ಮೊದಲೇ ಗೊತ್ತು ಎಂದು ಗುಬ್ಬಿಗೆ ಅನ್ನಿಸಿತು. ಅಷ್ಟು ವರ್ಷ ಓಟ ನೋಡಿದವರು, ಅವರಿಗೆ ಗೊತ್ತಿಲ್ಲದೆ ಇರುತ್ತದೆಯೇ? ಪಿಸ್ತೂಲು ಸಿಡಿದಾಗ ಅವಳು ಸೋತು ಆಗಿತ್ತು, ಓಡುವುದೊಂದು ಬಾಕಿ. ಎಲ್ಲರಿಗೂ ಹಾಗೆಯೇ ಅನ್ನಿಸುತ್ತಿತ್ತು, ಆದರೆ ಅವನು ಅಷ್ಟು ಒಳ್ಳೆಯವನಾಗಿದ್ದರಿಂದ ಯಾರೂ ಹೇಳುವಂತಿರಲಿಲ್ಲ.

ಈಗಿನ ಮೇಡಂ ಏನು ಹೇಳುತ್ತಾರೆ ಎಂದು ಕೇಳಿದ. ಅವನ ದನಿ ಅವನಿಗೇ ಪಕ್ಕದ ಕೋಣೆಯಿಂದ ಬಂದಂತಿತ್ತು.

"ಏನೂ ಹೇಳಲ್ಲ ಸರ್. ಅವರು ಅಲ್ಲಿ ಇರೋದೇ ಇಲ್ಲ. ಓಟ ಮುಗಿಯೋ ಕಡೆ ನಿಂತಿರ್ತಾರೆ. ಇಷ್ಟೇ ಇಷ್ಟು ಕಾಣ್ತಾರೆ." ಎರಡು ಬೆರಳುಗಳ ನಡುವೆ ಒಂದು ಕಾಳಿನಷ್ಟು ಜಾಗ ತೋರಿಸಿದಳು. "ಅವರ ಹತ್ರ ಹೋಗ್ಬೇಕು ಅಂದ್ರೆ ಓಡ್ಲೇಬೇಕು."

ಅವನು ಒಳ್ಳೆಯದಮ್ಮ, ಡಬ್ಬಿ ತೊಳಿ ಎಂದು ಹೇಳಿ ಹೊರಟ. ಲೈಬ್ರರಿಯ ಕಿಟಕಿಯ ಪಕ್ಕ ಕೂತು ತನ್ನ ಡಬ್ಬಿ ತೆರೆದು ಮುಂದಿಟ್ಟುಕೊಂಡ. ಅಪ್ಪನ ನೆನಪಾಯಿತು. ಅಪ್ಪ ಆಸ್ಪತ್ರೆಯಲ್ಲಿ ವಾರ್ಡಿನ ಆಳಾಗಿದ್ದ. ಒಂದು ಪಾಳಿ ಮುಗಿಸಿ ಇನ್ನೊಂದಕ್ಕೆ ಹೋಗುವ ನಡುವೆ, ಬಿಳಿ ಅಂಗಿಯಲ್ಲೇ, ಫಿನಾಯಿಲಿನ ವಾಸನೆಯ ಸಮೇತ ಶಾಲೆಯ ಮೈದಾನಕ್ಕೆ ಬಂದಿದ್ದ. ಎಂಟುನೂರು ಮೀಟರ್. ಅವನಿಗಾಗ ಹದಿಮೂರು. ಗೆರೆಯ ಮೇಲೆ ನಿಂತಾಗ ಹೊಟ್ಟೆಯಲ್ಲಿ ನೀರು ಕುದಿಯುತ್ತಿತ್ತು. ಅಪ್ಪ ಹಗ್ಗದ ಕೆಳಗೆ ನುಸುಳಿ ಬಂದು ಹೆಗಲ ಮೇಲೆ ಕೈಯಿಟ್ಟು, ಸೋತ್ರೂ ಪರವಾಗಿಲ್ಲ ಕಣೋ, ಮನೆಗೆ ಬಾ ಎಂದ. ಕುದಿಯುತ್ತಿದ್ದ ನೀರು ತಣ್ಣಗಾಯಿತು. ಅವನು ಏಳನೆಯವನಾಗಿ ಬಂದು, ಅಪ್ಪನ ಕೈಹಿಡಿದು ಆಸ್ಪತ್ರೆಯ ಗೇಟಿನವರೆಗೆ ನಡೆದ. ಅಷ್ಟು ಸುಖವಾಗಿ ಅವನು ಯಾವತ್ತೂ ಇರಲಿಲ್ಲ. ಯಾರಾದರೂ ಯಾರಿಗಾದರೂ ಹೇಳಬಹುದಾದ ಅತ್ಯಂತ ಒಳ್ಳೆಯ ಮಾತು ಅದು ಎಂದು ಅಂದೇ ತೀರ್ಮಾನಿಸಿದ್ದ. ತಣ್ಣಗಾಯಿತು ಎಂಬ ಶಬ್ದದ ಬಳಿ ಈಗ ಅವನ ಯೋಚನೆ ಎಡವಿತು. ನೀರು ಕುದಿಯುತ್ತಲೇ ಇದ್ದಿದ್ದರೆ? ರಜೆಯಲ್ಲಿ ಅವನು ಆಗಾಗ ವಾರ್ಡಿಗೆ ಹೋಗಿ ಅಪ್ಪ ಸ್ಟ್ರೆಚರ್ ತಳ್ಳುವುದನ್ನು ನೋಡುತ್ತಿದ್ದ. ಆಪರೇಷನ್ನಿಗೆ ಹೋಗುವವರಿಗೆ ಅಪ್ಪ ಹಲವು ಬಗೆಯಲ್ಲಿ ಮಾತಾಡುತ್ತಿದ್ದ. ಕೆಲವರನ್ನು ಗೇಲಿ ಮಾಡುತ್ತಿದ್ದ, ನಾಳೆ ಸಂಜೆ ನೀವೇ ನನ್ನನ್ನು ತಳ್ಳಿಕೊಂಡು ಹೋಗ್ತೀರಿ ಎನ್ನುತ್ತಿದ್ದ. ಕೆಲವರ ಹಣೆ ಸವರಿ ಪರವಾಗಿಲ್ಲ, ಪರವಾಗಿಲ್ಲ ಎನ್ನುತ್ತಿದ್ದ. ಯಾರಿಗೆ ಗೇಲಿ, ಯಾರಿಗೆ ಪರವಾಗಿಲ್ಲ ಎಂದು ಅಪ್ಪನಿಗೆ ಹೇಗೆ ತಿಳಿಯುತ್ತಿತ್ತು ಎಂದು ಅವನು ಒಮ್ಮೆಯೂ ಕೇಳಿರಲಿಲ್ಲ. ಕೇಳದೆಯೂ ಗೊತ್ತಿತ್ತು, ಹಣೆ ಸವರಿಸಿಕೊಂಡವರು ವಾರ್ಡಿಗೆ ಮರಳುವುದು ಅಪರೂಪವಾಗಿತ್ತು. ಡಬ್ಬಿಯಲ್ಲಿದ್ದದ್ದು ಆರಿಹೋಯಿತು. ಗುಬ್ಬಿ ಎಂಬ ಹದಿನಾಲ್ಕರ ಹುಡುಗಿಯ ಹಣೆಯನ್ನು ಬಿಳಿ ಅಂಗಿ ತೊಟ್ಟ ತಾನು ಸವರುತ್ತಿರುವುದು ಕಣ್ಣೆದುರು ಬಂತು. ಡ್ರಿಲ್ ಮೇಷ್ಟ್ರ ಅಂಗಿಯೂ ಬಿಳಿಯದೇ.

ಹೆಂಡತಿ ಔಷಧಿ ಅಂಗಡಿಯಲ್ಲಿ ಕೆಲಸಕ್ಕಿದ್ದಳು. ಎರಡು ಗಂಟೆಯ ಹೊತ್ತಿಗೆ ಗಿರಾಕಿಗಳು ಕಡಿಮೆ. ಫೋನು ಮಾಡಿ, ತಾನು ಅವಳಿಗೂ ಯಾವತ್ತಾದರೂ ಹೀಗೆ ಹೇಳಿದ್ದುಂಟೇ ಎಂದು ಕೇಳಿದ. ಅವಳು ಯಾರಿಗೋ ದಿನಕ್ಕೆ ಎರಡು ಸಲ, ಊಟದ ಮೇಲೆ ಎಂದು ಹೇಳಿ ಕಳಿಸಿ, ಮತ್ತೆ ಫೋನಿಗೆ ಬಂದಳು.

"ಮದುವೆ ದಿನಾನೇ ಹೇಳಿದ್ರಲ್ಲ. ನಾನು ನಿನಗೆ ಇಷ್ಟ ಆಗ್ದೇ ಇದ್ರೂ ಪರವಾಗಿಲ್ಲ ಅಂತ."

"ಆಮೇಲೆ?"

"ಆಮೇಲೇನು. ಇಷ್ಟಪಡೋ ಕೆಲಸ ಪೂರ್ತಿ ನನ್ನ ತಲೆ ಮೇಲೆ ಬಿತ್ತು." ಅವಳು ನಗುತ್ತಿದ್ದಳು, ಆದರೆ ಬರೀ ನಗುತ್ತಿರಲಿಲ್ಲ. ಇದೇನು ಇವತ್ತು ಹೊಸದಾಗಿ ಎಂದು ಕೇಳಿದಳು. ವರದಿ ಬರೆಯಬೇಕು ಎಂದ. ನನ್ನ ಬಗ್ಗೆಯಾ ಎಂದಳು. ಅಲ್ಲ, ಫುಟ್‌ಬಾಲಿನ ಬಗ್ಗೆ ಎಂದ. ಗಿರಾಕಿ ಬಂದರು ಎಂದು ಅವಳು ಇಟ್ಟುಬಿಟ್ಟಳು.

ಪದಕಗಳ ಪಟ್ಟಿಯನ್ನು ದುಂಡಾಗಿ ಇಳಿಸಿದ. ಪಂದ್ಯಗಳು, ಗೋಲುಗಳು, ಹೆಸರುಗಳು. ಆಮೇಲೆ ಹೇಗಾಯಿತು ಎಂಬ ಪ್ಯಾರಾದ ಜಾಗ ಬಂತು. ಸುಲಭದಲ್ಲಿ ಬರೆಯಬಹುದಾದ ಹತ್ತು ವಾಕ್ಯಗಳು ಅವನ ಕೈಯಲ್ಲಿದ್ದವು. ಇಪ್ಪತ್ತೆರಡು ವರ್ಷ ಸೋಲಿಗೆ ವರದಿ ಬರೆದವನಿಗೆ ಗೆಲುವಿಗೆ ಬರೆಯುವುದು ಕಷ್ಟವಲ್ಲ, ಕೆಲವು ಶಬ್ದ ತಿರುಗಿಸಿದರಾಯಿತು. ಆದರೆ ಬೆಳಿಗ್ಗೆಯಿಂದ ಹುಡುಕಿದ್ದು ಕೈಗೆ ಸಿಕ್ಕಿರುವಾಗ ಅದನ್ನು ಬಿಟ್ಟು ಬೇರೆ ಬರೆಯುವುದು ಆಗಲಿಲ್ಲ. ಯಾರನ್ನೂ ಹಳಿಯದೆ, ತನ್ನನ್ನೂ ಎಳೆದು ತಾರದೆ, ಕಂಡದ್ದನ್ನು ಕಂಡಷ್ಟೇ ಬರೆದ: 'ಈ ವರ್ಷ ಮಕ್ಕಳ ತರಬೇತುದಾರರು ಓಟ ಆರಂಭವಾಗುವ ಕಡೆ ನಿಲ್ಲದೆ, ಓಟ ಮುಗಿಯುವ ಕಡೆ ನಿಂತಿದ್ದರು.' ಓದಿ ನೋಡಿದ. ತಾನು ಬರೆದ ವಾಕ್ಯಗಳಲ್ಲಿ ಇಷ್ಟು ನಿಜವಾದದ್ದು ಇನ್ನೊಂದಿಲ್ಲ ಅನ್ನಿಸಿ ಕಿವಿ ಬಿಸಿಯಾಯಿತು. ಇದನ್ನು ಓದಿದ ಯಾರಿಗಾದರೂ ತನ್ನ ಇಪ್ಪತ್ತೆರಡು ವರ್ಷ ಒಂದೇ ಸಲಕ್ಕೆ ತಿಳಿದುಬಿಡುತ್ತದೆ. ತಿಳಿಯಲಿ.

ಮೂರು ಗಂಟೆಗೆ ಹೆಡ್ ಮೇಡಂ ಪುಟವನ್ನು ಅವನೆದುರಿಗೇ ಓದಿದರು. ಪಟ್ಟಿಯ ಪಕ್ಕದಲ್ಲಿ ಸರಿ ಗುರುತು ಹಾಕುತ್ತ ಬಂದ ಕೆಂಪು ಪೆನ್ನು ಕೊನೆಯ ಪ್ಯಾರಾದಲ್ಲಿ ನಿಂತಿತು. ಅವಮಾನ ಕೊನೆಗೂ ಬಾಗಿಲು ದಾಟಿ ಬಂದು ತನ್ನ ಪಕ್ಕದ ಕುರ್ಚಿಯಲ್ಲಿ ಕೂತಿತೆಂದು ಅನ್ನಿಸಿತು. ಅವರು ಎರಡನೆಯ ಸಲ ಓದಿ ಕನ್ನಡಕ ತೆಗೆದರು.

"ಇದೇನು ಸರ್ ಇದು? ಓಟ ಮುಗಿಯೋ ಕಡೆ ನಿಲ್ದೆ ಇನ್ನೆಲ್ಲಿ ನಿಲ್ತಾರೆ? ಎಲ್ಲರೂ ಅಲ್ಲೇ ತಾನೇ ನಿಲ್ಲೋದು?"

ಅವನು ಬಾಯಿ ತೆರೆದ. ಅವರು ಕೇಳುತ್ತಿರುವುದು ವ್ಯಂಗ್ಯವಲ್ಲ, ನಿಜಕ್ಕೂ ಅವರಿಗೆ ಇನ್ನೊಂದು ಜಾಗ ಹೊಳೆಯುತ್ತಿಲ್ಲ ಎಂದು ಕಂಡು ಮುಚ್ಚಿದ. ಎಲ್ಲರೂ ಅಲ್ಲೇ ನಿಲ್ಲುವುದು. ಅವರು ವಾಕ್ಯವನ್ನು ಹೊಡೆದು ಹಾಕಿ, ಮೇಲೆ ಕೆಂಪಿನಲ್ಲಿ ಸತತ ಪರಿಶ್ರಮ ಮತ್ತು ಶಿಸ್ತು ಎಂದು ಬರೆದರು. ಸ್ವಲ್ಪ ಯೋಚಿಸಿ, ಹಿಂದಿನ ತರಬೇತುದಾರರ ಮಾರ್ಗದರ್ಶನವೂ ಸ್ಮರಣೀಯ ಎಂದು ಸೇರಿಸಿ, ಸಂತೋಷವಾಯಿತೇ ಎಂಬಂತೆ ಅವನ ಕಡೆ ನೋಡಿದರು. ಅವನು ನಮಸ್ಕರಿಸಿ ಎದ್ದ. ಒಂದು ದಿನದ ಹುಡುಕಾಟ ಎರಡು ಗೆರೆ ಕೆಂಪು ಶಾಯಿಯಲ್ಲಿ ಮುಗಿದಿತ್ತು, ಆದರೆ ಕಾಲುಗಳು ಲೈಬ್ರರಿಯ ಕಡೆ ತಿರುಗಲಿಲ್ಲ.

ಮೈದಾನದಲ್ಲಿ ನೂರು ಮೀಟರಿನ ಪರೀಕ್ಷಾ ಓಟಕ್ಕೆ ಆರು ಹುಡುಗಿಯರು ಸಿದ್ಧವಾಗುತ್ತಿದ್ದರು. ಮುಂದಿನ ವರ್ಷದ ತಂಡಕ್ಕೆ ಈಗಿನಿಂದಲೇ ಹುಡುಕಾಟ. ಗಣಿತದ ಮೇಷ್ಟ್ರು ಆ ತುದಿಯಲ್ಲಿ ಸೀಟಿ ಹಿಡಿದು ನಿಂತಿದ್ದರು. ಹೊಸ ಟೀಚರ್ ಈ ತುದಿಯಲ್ಲಿ, ಸುಣ್ಣದ ಗೆರೆಯ ಆಚೆ, ಗಡಿಯಾರ ಹಿಡಿದಿದ್ದಳು. ಅವನು ಅವಳ ಪಕ್ಕಕ್ಕೆ ಹೋಗಿ ನಿಂತು, ನೀವು ಯಾಕೆ ಯಾವಾಗಲೂ ಇಲ್ಲೇ ನಿಲ್ಲುತ್ತೀರಿ ಎಂದು ಕೇಳಿದ. ಆಕೆಯ ಕತ್ತು ಕೆಂಪಾಯಿತು. ಹೇಳಲೋ ಬೇಡವೋ ಎಂದು ಗಡಿಯಾರದ ಗುಂಡಿಯನ್ನು ಒತ್ತಿ ನಿಲ್ಲಿಸಿ, ಒತ್ತಿ ನಿಲ್ಲಿಸಿ ಮಾಡಿದಳು.

"ಪಿಸ್ತೂಲಿನ ಸದ್ದು ನನಗೆ ಆಗಲ್ಲ ಸರ್. ಚಿಕ್ಕವಳಿದ್ದಾಗಿನಿಂದ. ಎದೆ ಹೊಡ್ಕೊಳ್ಳುತ್ತೆ, ಕಣ್ಣು ಕತ್ತಲೆ ಬರುತ್ತೆ. ಕೂಟದಲ್ಲಿ ಎಷ್ಟು ದೂರ ಆಗುತ್ತೋ ಅಷ್ಟು ದೂರ ಹೋಗಿಬಿಡ್ತೀನಿ. ಯಾರಿಗೂ ಹೇಳ್ಬೇಡಿ."

ಫುಟ್‌ಬಾಲಿನಲ್ಲಿ ಪಿಸ್ತೂಲಿಲ್ಲವಲ್ಲ ಎಂದ. ಅಲ್ಲಿ ಬೆಂಚಿನ ಹತ್ತಿರ ನಿಂತರೆ ಪೋಷಕರೆಲ್ಲ ಬಂದು ಹೀಗೆ ಆಡಿಸಿ, ಹಾಗೆ ಆಡಿಸಿ ಎನ್ನುತ್ತಾರೆ, ಎದುರಾಳಿಯ ಗೋಲಿನ ಹಿಂದಕ್ಕೆ ಯಾರೂ ಬರುವುದಿಲ್ಲ ಎಂದಳು. ಅವನಿಗೆ ನಗು ಬಂತು, ಆಕೆಗೂ ಬಂತು. ಹಾಗಾದರೆ ಇದು ಉಪಾಯವಲ್ಲ, ಓಡಿಹೋಗುವುದು. ಒಬ್ಬಳು ಹೆದರಿ ಓಡಿಹೋಗಿ ಅಡಗಿದ ಜಾಗದ ಕಡೆಗೆ ಒಂದು ಶಾಲೆಯ ಮಕ್ಕಳೆಲ್ಲ ಓಡಿದರು. ಇದು ಕಾರಣವೋ, ಕೂತ ಕಾಗೆಯೋ? ತನ್ನ ಮಾತು ನಿಜವಾಗಿಯೂ ಅವರ ಕಾಲು ಹಿಡಿದಿತ್ತೋ, ಅಥವಾ ಗುಬ್ಬಿ ತನ್ನ ಸೋಲಿಗೆ ಒಂದು ಒಳ್ಳೆಯ ಜಾಗ ಹುಡುಕಿಕೊಂಡಿದ್ದಳೋ? ಮುಂದಿನ ವರ್ಷ ಇದೇ ಗೆರೆಯ ಹತ್ತಿರ ಇದೇ ಟೀಚರ್ ನಿಂತು ಎಲ್ಲರೂ ಸೋತರೆ? ಬೆಳಿಗ್ಗೆಯಾಗಿದ್ದರೆ ಈ ಅನುಮಾನದಲ್ಲಿ ಅವನು ತನಗಾಗಿ ಒಂದು ತಂಪು ನೆರಳು ಮಾಡಿಕೊಳ್ಳುತ್ತಿದ್ದ. ಈಗ ಅದು ಬೇಕೆನಿಸಲಿಲ್ಲ. ಸೀಟಿ ಕೇಳಿತು.

ಅವನು ಇಪ್ಪತ್ತೆರಡು ವರ್ಷ ಓಟ ನೋಡಿದ್ದ, ಬೆನ್ನುಗಳನ್ನು ನೋಡಿದ್ದ. ಯಾವ ಮಗುವಿನ ಹಿಮ್ಮಡಿ ಎಷ್ಟು ಏಳುತ್ತದೆ, ಯಾರ ಜಡೆ ಯಾವ ಕಡೆ ಬೀಸುತ್ತದೆ, ಯಾರ ಭುಜ ಅರ್ಧ ದಾರಿಯಲ್ಲಿ ಸೋಲೊಪ್ಪುತ್ತದೆ ಎಂದು ಕಣ್ಣುಮುಚ್ಚಿ ಹೇಳಬಲ್ಲವನಾಗಿದ್ದ. ಬೆನ್ನುಗಳು ಚಿಕ್ಕದಾಗುತ್ತ ಹೋಗಿ ಒಂದು ಗುಂಪಿನಲ್ಲಿ ಕರಗುತ್ತಿದ್ದವು, ಆಮೇಲೆ ಅವನು ನಿಧಾನವಾಗಿ ನಡೆದು ಅಲ್ಲಿಗೆ ತಲುಪುವಷ್ಟರಲ್ಲಿ ಮಕ್ಕಳು ಮುಖ ಒರೆಸಿಕೊಂಡು ಮಕ್ಕಳಾಗಿರುತ್ತಿದ್ದರು. ಈಗ ಆರು ಮುಖಗಳು ಅವನ ಮೇಲೆ ಬರುತ್ತಿದ್ದವು. ಅವನಿಗೆ ಒಂದೂ ಗುರುತು ಸಿಗಲಿಲ್ಲ. ಬಾಯಿ ಕಿವಿಯವರೆಗೆ ಹರಿದಿತ್ತು, ಕಣ್ಣುಗಳು ಅವನನ್ನು ಕಾಣದೆ ಅವನ ಮೂಲಕ ಎಲ್ಲೋ ನೋಡುತ್ತಿದ್ದವು, ಕತ್ತಿನ ನರಗಳು ಹಗ್ಗದಂತೆ. ಸಿಟ್ಟೋ, ಅಳುವೋ, ಹಸಿವೋ ಹೇಳಲಾಗದು. ಇವರಿಗೆ ಸಮಾಧಾನ ಹೇಳುವುದೇ? ಅವನು ಒಂದು ಹೆಜ್ಜೆ ಹಿಂದೆ ಸರಿದ. ಮುಂದಿನವಳು ಗೆರೆ ದಾಟಿದಳು, ಗಾಳಿ ಅವನ ಅಂಗಿಗೆ ಹೊಡೆಯಿತು, ಅವಳ ಹಿಂದೆ ಇನ್ನಿಬ್ಬರು, ಮತ್ತೊಬ್ಬಳು, ಮತ್ತೊಬ್ಬಳು. ಟೀಚರ್ ಗಡಿಯಾರ ಹಿಡಿದು ಅವರ ಹಿಂದೆ ಹೋದಳು. ಎಲ್ಲರೂ ಅತ್ತ ತಿರುಗಿದರು.

ಆರನೆಯವಳು ಇನ್ನೂ ಬರುತ್ತಿದ್ದಳು. ಒಂಬತ್ತನೇ ತರಗತಿಯವಳು, ದಪ್ಪಗಾಜಿನ ಕನ್ನಡಕವನ್ನು ದಾರದಿಂದ ಬಿಗಿದುಕೊಂಡಿದ್ದಳು; ಲೈಬ್ರರಿಯಲ್ಲಿ ನಕಾಶೆಯ ಪುಸ್ತಕಗಳನ್ನು ಮಾತ್ರ ತೆಗೆದುಕೊಂಡು ಹೋಗುವವಳು. ನೋಡುವವರು ಯಾರೂ ಇಲ್ಲದಿದ್ದರೂ ಅವಳ ಮುಖ ಮೊದಲಿನವಳ ಮುಖದಷ್ಟೇ ಭಯಂಕರವಾಗಿತ್ತು. ಗೆರೆ ದಾಟಿ, ಮಂಡಿಯ ಮೇಲೆ ಕೈಯೂರಿ ಬಗ್ಗಿದಳು. ಉಸಿರು ಸಿಕ್ಕಿದ ಮೇಲೆ ತಲೆಯೆತ್ತಿ ಅವನನ್ನು ನೋಡಿದಳು.

"ನಾನೇ ಕೊನೆ ಅಲ್ವಾ ಸರ್?"

ಪರವಾಗಿಲ್ಲ ಎಂಬ ಶಬ್ದ ಅವನ ನಾಲಿಗೆಯ ಮೇಲೆ ಬಂದು, ಜಾಗ ಗೊತ್ತಿದ್ದ ಮುದುಕನಂತೆ ಕೂತುಕೊಂಡಿತು. ಅವನ ಕೈ ಅವಳ ತಲೆಯ ಕಡೆ ಅರ್ಧ ಏಳುತ್ತಿತ್ತು. ಕೈಯನ್ನು ಬೆನ್ನ ಹಿಂದೆ ಕಟ್ಟಿಕೊಂಡ.

"ಹೌದು. ನೀನೇ ಕೊನೆ."

ಅವಳು ಅಳುತ್ತಾಳೆ ಎಂದು ಕಾದ. ಅವಳು ಕನ್ನಡಕ ತೆಗೆದು, ಅಂಗಿಯ ಅಂಚಿನಿಂದ ಒರೆಸಿ, ಮತ್ತೆ ಹಾಕಿಕೊಂಡಳು.

"ಎಷ್ಟು ಹಿಂದೆ?"

ಅವನಿಗೆ ಆ ಪ್ರಶ್ನೆಯನ್ನು ಯಾರೂ ಕೇಳಿರಲಿಲ್ಲ. ಮೊದಲಿನವಳು ಗೆರೆ ದಾಟುವಾಗ ಇವಳೆಲ್ಲಿದ್ದಳು ಎಂದು ನೆನಪು ಮಾಡಿಕೊಂಡ. ಬೇಲಿಯಲ್ಲಿ ತಂತಿ ಜೋಲುಬಿದ್ದ ಕಂಬದ ನೇರಕ್ಕೆ. ಅಲ್ಲಿದ್ದೆ ಎಂದು ತೋರಿಸಿದ. ಖಂಡಿತವಾಗಿಯೂ ಅದೇ ಕಂಬವಾ ಎಂದು ಕೇಳಿದಳು. ಅದೇ ಎಂದ. ಇಬ್ಬರೂ ಅಲ್ಲಿಗೆ ನಡೆದರು. ಅವಳು ಕಂಬದ ನೇರಕ್ಕೆ ಹಿಮ್ಮಡಿ ಒತ್ತಿ ನಿಂತು, ಅಲ್ಲಿಂದ ಗೆರೆಯ ಕಡೆಗೆ ತುಟಿಯಲ್ಲೇ ಎಣಿಸುತ್ತ ಹೆಜ್ಜೆ ಹಾಕಿದಳು. ಅವನೂ ಪಕ್ಕದಲ್ಲಿ ಎಣಿಸುತ್ತ ಬಂದ.

"ಹದಿನಾರು," ಎಂದು ಗೆರೆಯ ಮೇಲೆ ನಿಂತಳು. ಅವಳ ಮುಖದಲ್ಲಿ ಅಪನಂಬಿಕೆಯಿತ್ತು. ಹಿಂದಕ್ಕೆ ತಿರುಗಿ ಕಂಬವನ್ನು ನೋಡಿದಳು, ಕಾಲಕೆಳಗಿನ ಸುಣ್ಣವನ್ನು ನೋಡಿದಳು. "ಬರೀ ಹದಿನಾರು ಹೆಜ್ಜೇನಾ ಸರ್? ನಾನು ಅರ್ಧ ಮೈದಾನ ಅಂದ್ಕೊಂಡಿದ್ದೆ."

ತನಗೂ ಹಾಗೆಯೇ ಅನ್ನಿಸಿತ್ತು ಎಂದು ಅವನು ಹೇಳಿದ. ಅವಳಿಗೆ ಅಷ್ಟರಿಂದ ತೃಪ್ತಿಯಾಗಲಿಲ್ಲ. ನಡೆದ ಹೆಜ್ಜೆ ಬೇರೆ, ಓಡಿದ ಹೆಜ್ಜೆ ಬೇರೆ, ಓಡುವಾಗ ಇದು ಇನ್ನೂ ಕಡಿಮೆಯಾಗಬೇಕಲ್ಲ ಎಂದಳು. ಮತ್ತು ಅವನ ಉತ್ತರಕ್ಕೆ ಕಾಯದೆ, ಎಷ್ಟು ಎಂದು ನೋಡುವುದಕ್ಕೆ ಕಂಬದ ಕಡೆಗೆ ಹೊರಟಳು.